ಲಾರಿ ಚಾಲಕನ ಎಂಟು ಗಂಟೆ ಮತ್ತು ಒಂದು ರಾತ್ರಿಯ ಜಾಗ



ಊರು ಬಿಟ್ಟು ಬಂದ ನಮ್ಮ ಅಡುಗೆ ಮನೆಗಳಲ್ಲಿ ಊರಿನದೇ ಸಾಮಾನು ಎಷ್ಟಿದೆ, ಒಮ್ಮೆ ಲೆಕ್ಕ ಹಾಕಿ ನೋಡಿ. ಬ್ಯಾಡಗಿ ಮೆಣಸಿನಕಾಯಿ, ವಿಜಯಪುರದ ಬಿಳಿ ಜೋಳ, ತಿಪಟೂರಿನ ಕೊಬ್ಬರಿ, ಕೋಲಾರದ ಟೊಮೆಟೊ. ಮುಂಬಯಿಯ ವಾಶಿ ಮಾರುಕಟ್ಟೆಯಾಗಲಿ, ದೆಹಲಿಯ ಆಜಾದ್‌ಪುರ ಮಂಡಿಯಾಗಲಿ, ಅಲ್ಲಿಗೆ ಇವೆಲ್ಲ ಬಂದದ್ದು ಹೆಚ್ಚಾಗಿ ಲಾರಿಯಲ್ಲೇ. ಲಾರಿ ಬಂತು ಎನ್ನುತ್ತೇವೆ; ಅದನ್ನು ತಂದವನು ಎಷ್ಟು ಹೊತ್ತು ಎಚ್ಚರವಿದ್ದ, ರಾತ್ರಿ ಎಲ್ಲಿ ಮಲಗಿದ್ದ ಎಂದು ಯಾರೂ ಕೇಳುವುದಿಲ್ಲ. ಆದರೆ ಕಾನೂನು ಈ ಪ್ರಶ್ನೆಯನ್ನು 1939ರಲ್ಲೇ ಕೇಳಿತ್ತು. ಅದಕ್ಕೆ ಉತ್ತರವನ್ನೂ ಬರೆದಿಟ್ಟಿತ್ತು. ಆ ಉತ್ತರ ರಸ್ತೆಗೆ ಇಳಿಯಲು ಏಕೆ ಇಷ್ಟು ತಡವಾಯಿತು ಎಂಬುದೇ ಈ ಸಂಚಿಕೆಯ ಲೇಖನ.

ಎತ್ತು ದಣಿದರೆ ಗಾಡಿ ನಿಂತಿತು

ಲಾರಿಗೆ ಮೊದಲು ಸಾಮಾನು ಸಾಗಿಸುತ್ತಿದ್ದದ್ದು ಎತ್ತಿನ ಗಾಡಿ. ಗಾಡಿಯವನ ದುಡಿಮೆಯ ಹೊತ್ತನ್ನು ಯಾವ ಸರಕಾರವೂ ಗೊತ್ತು ಮಾಡಬೇಕಿರಲಿಲ್ಲ, ಎತ್ತೇ ಗೊತ್ತು ಮಾಡುತ್ತಿತ್ತು. ದಣಿದ ಎತ್ತು ಚಾಟಿ ಏಟಿಗೂ ಹೆಜ್ಜೆ ಎತ್ತುವುದಿಲ್ಲ. ಅದಕ್ಕೆ ನೀರು, ಮೇವು, ನೆರಳು ಬೇಕು. ಹೀಗಾಗಿ ದಾರಿಯುದ್ದಕ್ಕೂ ತಂಗುವ ಜಾಗಗಳು ತಾವಾಗಿಯೇ ಬೆಳೆದವು. ಕೆರೆಯಂಗಳ, ಆಲದ ಮರದ ಕಟ್ಟೆ, ಅರವಟ್ಟಿಗೆ, ಛತ್ರ, ಉತ್ತರದಲ್ಲಿ ಸರಾಯಿ. ತಲೆಹೊರೆಯವರಿಗಾಗಿ ಹೊರೆ ಇಳಿಸುವ ಕಲ್ಲುಗಳನ್ನು ನೆಡಿಸಿದ ಪುಣ್ಯವಂತರೂ ಇದ್ದರು. ಬೆಂಗಳೂರಿನ ಸುಂಕದಕಟ್ಟೆಯಂಥ ಹೆಸರುಗಳು ಗಾಡಿಗಳು ನಿಂತು ಸುಂಕ ಕಟ್ಟಿ ಮುಂದೆ ಹೋಗುತ್ತಿದ್ದ ಕಾಲವನ್ನು ಇನ್ನೂ ನೆನಪಿಸುತ್ತವೆ.

ಎಂಜಿನ್ ಬಂದ ಮೇಲೆ ಈ ಲೆಕ್ಕ ತಪ್ಪಿತು. ಡೀಸೆಲ್ ಹಾಕಿದರೆ ಎಂಜಿನ್ ಓಡುತ್ತಲೇ ಇರುತ್ತದೆ. ದಣಿಯುವವನು ಈಗ ಮೂಕಿಗೆ ಕಟ್ಟಿದ ಎತ್ತಲ್ಲ, ಸ್ಟೇರಿಂಗ್ ಹಿಡಿದ ಮನುಷ್ಯ. ಅವನು ದಣಿದದ್ದು ಯಜಮಾನನಿಗೆ ಕಾಣುವುದಿಲ್ಲ. ಎಷ್ಟೋ ಸಲ ಅವನಿಗೇ ತಿಳಿಯುವುದಿಲ್ಲ.

ರೈಲಿಗಾಗಿ ಬಂದ ಕಾನೂನು

ಭಾರತದ ಮೊದಲ ಮೋಟಾರು ವಾಹನ ಕಾಯ್ದೆ 1914ರದು. ಆಗ ಮೋಟಾರುಗಳೇ ಕಡಿಮೆ. ಕಾಯ್ದೆಯ ಗಮನವೆಲ್ಲ ನೋಂದಣಿ ಮತ್ತು ಲೈಸೆನ್ಸಿನ ಮೇಲೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಬಸ್ಸು ಲಾರಿಗಳು ಹೆಚ್ಚಿ, 1930ರ ಹೊತ್ತಿಗೆ ರೈಲಿನ ಆದಾಯಕ್ಕೆ ಕೈ ಹಾಕಿದವು. ಸರಕಾರ ಗಾಬರಿಯಾಯಿತು. ರಸ್ತೆ ಮತ್ತು ರೈಲಿನ ಪೈಪೋಟಿಯ ಬಗ್ಗೆ ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ವರದಿ ಕೊಟ್ಟರು. ಇದೆಲ್ಲದರ ಫಲವೇ 1939ರ ಮೋಟಾರು ವಾಹನ ಕಾಯ್ದೆ. ಪರ್ಮಿಟ್ ಪದ್ಧತಿಯನ್ನು ಬಿಗಿ ಮಾಡಿ ಲಾರಿಗಳನ್ನು ಹದ್ದುಬಸ್ತಿನಲ್ಲಿಡುವುದು ಅದರ ದೊಡ್ಡ ಉದ್ದೇಶವಾಗಿತ್ತು.

ಅದೇ ಕಾಯ್ದೆಯ 65ನೇ ಕಲಮಿನಲ್ಲಿ ಚಾಲಕನ ನಿದ್ದೆಗೂ ಒಂದು ಜಾಗ ಸಿಕ್ಕಿತು. ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಕೊಡದೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ದಿನಕ್ಕೆ ಒಂಬತ್ತು ಗಂಟೆ ಮೀರಬಾರದು, ವಾರಕ್ಕೆ 54 ಗಂಟೆ ಮೀರಬಾರದು. ಇಂಗ್ಲೆಂಡಿನಲ್ಲಿ 1930ರಲ್ಲೇ ಇಂಥ ಕಾನೂನು ಬಂದಿತ್ತು. ಇಲ್ಲಿಯದು ಅದರ ತಮ್ಮನಂತೆ.

ಆಗ ಈ ನಿಯಮ ಯಾರನ್ನೂ ಅಷ್ಟಾಗಿ ಬಾಧಿಸಲಿಲ್ಲ. ಲಾರಿಗಳು ದೂರ ಹೋಗಲು ಪರ್ಮಿಟ್ಟೇ ಸುಲಭವಾಗಿ ಸಿಗುತ್ತಿರಲಿಲ್ಲ. ಮಂಡಿಯಿಂದ ರೈಲು ನಿಲ್ದಾಣಕ್ಕೆ, ಒಂದು ಊರಿನಿಂದ ಪಕ್ಕದ ಜಿಲ್ಲೆಗೆ, ಇಷ್ಟೇ ಓಡಾಟ. ಚಾಲಕ ರಾತ್ರಿ ಮನೆಗೆ ಬಂದು ಮಲಗುವುದು ಕಷ್ಟವಿರಲಿಲ್ಲ.

ದೂರ ಬೆಳೆಯಿತು, ದಿನ ಬೆಳೆಯಲಿಲ್ಲ

ಸ್ವಾತಂತ್ರ್ಯದ ನಂತರ ಕಾರ್ಖಾನೆಗಳು ಹೆಚ್ಚಿದವು. ಎಲ್ಲ ಸರಕನ್ನೂ ಹೊರಲು ರೈಲಿನಿಂದ ಆಗದಾಯಿತು. 1959ರಲ್ಲಿ ಮೀನೂ ಮಸಾನಿ ಅವರ ಸಮಿತಿ ರಸ್ತೆ ಸಾರಿಗೆಯ ಕಟ್ಟುಗಳನ್ನು ಸಡಿಲಿಸಬೇಕೆಂದು ಹೇಳಿತು. 1975ರಲ್ಲಿ ರಾಷ್ಟ್ರೀಯ ಪರ್ಮಿಟ್ ಯೋಜನೆ ಬಂದು, ಲಾರಿ ರಾಜ್ಯ ರಾಜ್ಯಗಳನ್ನು ದಾಟಿ ಓಡುವುದು ಸಲೀಸಾಯಿತು. ಮರುವರ್ಷ, 1976ರಲ್ಲಿ, ಗದಗಿನ ವಿಜಯ ಸಂಕೇಶ್ವರ ಅವರು ಒಂದೇ ಒಂದು ಲಾರಿಯಿಂದ ಸಾರಿಗೆ ವ್ಯವಹಾರ ಶುರು ಮಾಡಿದರು. ಹುಬ್ಬಳ್ಳಿಯನ್ನು ನೆಲೆ ಮಾಡಿಕೊಂಡ ಆ ಸಂಸ್ಥೆ ಇಂದು ದೇಶದ ದೊಡ್ಡ ಸಾರಿಗೆ ಸಂಸ್ಥೆಗಳಲ್ಲಿ ಒಂದು. ತಮಿಳುನಾಡಿನ ನಾಮಕ್ಕಲ್, ಸಂಕಗಿರಿ ಲಾರಿಯ ಊರುಗಳೆಂದೇ ಹೆಸರಾದವು.

ಈ ನಡುವೆ 1961ರಲ್ಲಿ ಒಂದು ಒಳ್ಳೆಯ ಕಾನೂನು ಬಂದಿತ್ತು, ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ. ಅದನ್ನು ಓದಿದರೆ ಬರೆದವರು ಚಾಲಕನ ಪಾಡನ್ನು ಬಲ್ಲವರೇ ಇರಬೇಕು ಅನ್ನಿಸುತ್ತದೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ 48 ಗಂಟೆ ಕೆಲಸ. ದೂರದ ಮಾರ್ಗಗಳಲ್ಲಿ, ಹಬ್ಬಹರಿದಿನಗಳಲ್ಲಿ ಒಪ್ಪಿಗೆ ಪಡೆದು ದಿನಕ್ಕೆ ಹತ್ತು, ವಾರಕ್ಕೆ 54ರವರೆಗೆ ಹೋಗಬಹುದು. ಐದು ಗಂಟೆಗೊಮ್ಮೆ ಅರ್ಧ ಗಂಟೆ ವಿರಾಮ. ಒಂದು ದಿನದ ಕೆಲಸ ಮುಗಿದು ಮರುದಿನದ ಕೆಲಸ ಶುರುವಾಗುವ ನಡುವೆ ಒಂಬತ್ತು ಗಂಟೆ ಬಿಡುವು. ವಾರಕ್ಕೊಂದು ರಜೆ. ಎಲ್ಲಕ್ಕಿಂತ ಮುಖ್ಯ ಅದರ ಒಂಬತ್ತನೇ ಕಲಮು: ಕಾರ್ಮಿಕರು ರಾತ್ರಿ ತಂಗಬೇಕಾದ ಪ್ರತಿ ಸ್ಥಳದಲ್ಲೂ ಮಾಲೀಕ ವಿಶ್ರಾಂತಿ ಕೋಣೆ ಅಥವಾ ಬದಲಿ ವಸತಿ ಒದಗಿಸಬೇಕು. ಗಂಟೆಯ ಮಿತಿ ಮತ್ತು ರಾತ್ರಿಯ ಜಾಗ, ಎರಡನ್ನೂ ಒಂದೇ ಕಾಯ್ದೆ ಹೇಳಿತು. ಮಲಗಲು ಜಾಗವಿಲ್ಲದಿದ್ದರೆ "ನಿಲ್ಲಿಸು" ಎನ್ನುವ ಕಾನೂನಿಗೆ ಅರ್ಥವಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಕಾಯ್ದೆ ಎಲ್ಲಿ ಸೋರಿತು?

ಮೊದಲನೆಯದು, ಕಾಯ್ದೆ ಅನ್ವಯವಾಗುತ್ತಿದ್ದದ್ದು ಐದು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳಿಗೆ. ರಾಜ್ಯ ಸರಕಾರ ಬೇಕಾದರೆ ವಿಸ್ತರಿಸಬಹುದಿತ್ತು. ಆದರೆ ನಮ್ಮ ದೇಶದ ಲಾರಿ ವ್ಯಾಪಾರ ಹೆಚ್ಚಾಗಿ ಸಣ್ಣ ಮಾಲೀಕರದು. ಹೊಲ ಮಾರಿಯೋ ಸಾಲ ಮಾಡಿಯೋ ಒಂದು ಲಾರಿ ತಂದವನು, ಅವನೇ ಮಾಲೀಕ, ಅವನೇ ಡ್ರೈವರ್. ಹಾವೇರಿಯಲ್ಲೊಂದು, ಕೊಲ್ಹಾಪುರದಲ್ಲೊಂದು ವಿಶ್ರಾಂತಿ ಕೋಣೆ ಕಟ್ಟಿಸಲು ಅವನಿಂದ ಆದೀತೆ? 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಮು, ಸಾರಿಗೆ ವಾಹನ ನಡೆಸುವ ಎಲ್ಲರ ಗಂಟೆಗಳೂ 1961ರ ಕಾಯ್ದೆಯಂತೆಯೇ ಇರಬೇಕೆಂದು ಹೇಳಿತು. ಗಂಟೆ ಎಲ್ಲರಿಗೂ ಬಂತು. ಕೋಣೆ ಮಾತ್ರ ಬರಲಿಲ್ಲ.

ಎರಡನೆಯದು, ಸಂಬಳದ ರೀತಿ. ಚಾಲಕನಿಗೆ ಸಿಗುವುದು ಬಹುಮಟ್ಟಿಗೆ ಟ್ರಿಪ್ಪಿನ ಲೆಕ್ಕ ಮತ್ತು ಬತ್ತಾ. ತಿಂಗಳಿಗೆ ಎಷ್ಟು ಟ್ರಿಪ್ ಹೊಡೆದೆ ಎಂಬುದರ ಮೇಲೆ ಮನೆ ನಡೆಯಬೇಕು. ಗಂಟೆಗೆ ಕೂಲಿ ಇಲ್ಲದವನಿಗೆ ಗಂಟೆಯ ಕಾನೂನು ರಕ್ಷಣೆಯಂತೆ ಕಾಣುವುದಿಲ್ಲ, ಆದಾಯಕ್ಕೆ ಹಾಕಿದ ಕತ್ತರಿಯಂತೆ ಕಾಣುತ್ತದೆ.

ಮೂರನೆಯದು ಸ್ವಲ್ಪ ಸೂಕ್ಷ್ಮ. 1961ರ ಕಾಯ್ದೆ "ಕೆಲಸದ ಗಂಟೆ" ಎಂದರೆ ಏನೆಂದು ವಿವರಿಸುವಾಗ, ಟರ್ಮಿನಲ್‌ನಲ್ಲಿ ಸುಮ್ಮನೆ ಕಾಯುವ ಹೊತ್ತು 15 ನಿಮಿಷಕ್ಕಿಂತ ಕಡಿಮೆಯಿದ್ದರೆ ಮಾತ್ರ ಅದನ್ನು ಕೆಲಸವೆಂದು ಸೇರಿಸಿತು. ಬಸ್ ನಿಲ್ದಾಣದಲ್ಲಿ ಎರಡು ಸರತಿಗಳ ನಡುವೆ ಕಾಯುವ ಕಂಡಕ್ಟರ್‌ಗೆ ಇದು ಹೊಂದೀತು. ಲಾರಿಯವನ ಪಾಡು ಬೇರೆ. ಗೋದಾಮಿನ ಮುಂದೆ ಲೋಡಿಗಾಗಿ ಬೆಳಗಿನಿಂದ ಸಂಜೆವರೆಗೆ ಕಾಯುತ್ತಾನೆ, ಸಂಜೆ ಲೋಡಾದ ಕೂಡಲೇ "ಹೊರಡು" ಎನ್ನುತ್ತಾರೆ. ಕಾಗದದ ಮೇಲೆ ಅವನ ದಿನ ಶುರುವಾಗುವುದು ಆಗ. ದೇಹದ ಲೆಕ್ಕದಲ್ಲಿ ದಿನ ಆಗಲೇ ಮುಗಿದಿರುತ್ತದೆ.

ಬೆಂಗಳೂರಿನಿಂದ ಮುಂಬಯಿಗೆ ಒಂದು ಲೆಕ್ಕ

ಕಾನೂನಿನಂತೆ ಓಡಿದರೆ ಹೇಗಿರುತ್ತದೆ, ನಮಗೆಲ್ಲ ಪರಿಚಯದ ದಾರಿಯಲ್ಲೇ ನೋಡೋಣ. ಹಳೆಯ ಎನ್‌ಎಚ್ 4, 2010ರ ಮರುಸಂಖ್ಯೆಯ ನಂತರ ಎನ್‌ಎಚ್ 48. ಬೆಂಗಳೂರಿನಿಂದ ಮುಂಬಯಿಗೆ ಸುಮಾರು 980 ಕಿ.ಮೀ. ತುಂಬಿದ ಲಾರಿ, ಘಟ್ಟ, ಟೋಲ್, ಊರಿನ ಗದ್ದಲ ಎಲ್ಲ ಸೇರಿಸಿ ಗಂಟೆಗೆ ಸರಾಸರಿ 40 ಕಿ.ಮೀ. ಎಂದುಕೊಳ್ಳಿ.

ಬೆಳಿಗ್ಗೆ ಹೊರಟರೆ ಐದು ಗಂಟೆಯಲ್ಲಿ 200 ಕಿ.ಮೀ., ಚಿತ್ರದುರ್ಗದ ಆಸುಪಾಸು. ಅಲ್ಲಿ ಊಟ, ಅರ್ಧ ಗಂಟೆ ವಿಶ್ರಾಂತಿ. ಇನ್ನೂ ಮೂರು ಗಂಟೆ ಓಡಿದರೆ 320 ಕಿ.ಮೀ.; ರಾಣೆಬೆನ್ನೂರು ದಾಟಿ ಹಾವೇರಿ ಹತ್ತಿರ ಮೊದಲ ರಾತ್ರಿ. ಎರಡನೇ ದಿನ ಹುಬ್ಬಳ್ಳಿ, ಧಾರವಾಡ, ಬೆಳಗಾವಿ, ನಿಪ್ಪಾಣಿ ದಾಟಿ ಕೊಲ್ಹಾಪುರದ ಆಚೆ ಎರಡನೇ ರಾತ್ರಿ. ಮೂರನೇ ದಿನ ಸಾತಾರಾ, ಖಂಬಾಟಕಿ ಘಾಟು, ಪುಣೆ, ಬೋರ್ ಘಾಟು ಇಳಿದು ಪನವೇಲ್ ತಲುಪುವ ಹೊತ್ತಿಗೆ ಎಂಟು ಗಂಟೆ ಮುಗಿದಿರುತ್ತದೆ. ಅಂದರೆ ಮೂರು ಪೂರ್ತಿ ದಿನ, ಕನಿಷ್ಠ ಎರಡು ರಾತ್ರಿ ದಾರಿಯಲ್ಲಿ.

ಈಗ ಲಾರಿಯಲ್ಲಿರುವುದು ಟೊಮೆಟೊ ಎಂದುಕೊಳ್ಳಿ. ಟೊಮೆಟೊ ಮೂರು ದಿನ ಕಾಯುತ್ತದೆಯೇ? ಅದಕ್ಕಿಂತ ಮೊದಲು ಮಂಡಿಯವನು ಕಾಯುತ್ತಾನೆಯೇ? ಇದಕ್ಕೆ ಕಾನೂನಿನಲ್ಲೇ ಉತ್ತರವಿತ್ತು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ರಾಷ್ಟ್ರೀಯ ಪರ್ಮಿಟ್ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರಿರಬೇಕು, ಸೀಟಿನ ಹಿಂದೆ ಒಬ್ಬ ಕಾಲು ಚಾಚಿ ಮಲಗುವಷ್ಟು ಅಗಲದ ಆಸನವಿರಬೇಕು ಎಂದಿತ್ತು. ಒಬ್ಬ ಓಡಿಸುವಾಗ ಒಬ್ಬ ಮಲಗಿದರೆ ಲಾರಿಯೂ ನಿಲ್ಲುವುದಿಲ್ಲ, ಮನುಷ್ಯನೂ ಕೆಡುವುದಿಲ್ಲ. ಆದರೆ ಎರಡನೆಯ ಸಂಬಳ ಕೊಡುವವರು ಯಾರು? ಎಷ್ಟೋ ಲಾರಿಗಳಲ್ಲಿ ಎರಡನೆಯ ಚಾಲಕನ ಜಾಗದಲ್ಲಿ ಕ್ಲೀನರ್ ಹುಡುಗ ಕೂತ. ಕೊನೆಗೆ 2018ರ ನವೆಂಬರಿನಲ್ಲಿ ಇಬ್ಬರು ಚಾಲಕರ ನಿಯಮವನ್ನೇ ಕೈಬಿಡಲಾಯಿತು.

ಕ್ಲೀನರ್ ಬಗ್ಗೆಯೂ ಒಂದು ಮಾತು ಹೇಳಬೇಕು. ಅವನು ಬರೀ ಗಾಜು ಒರೆಸುವವನಲ್ಲ. ರಾತ್ರಿ ಚಾಲಕ ಮಲಗಿದಾಗ ಡೀಸೆಲ್ ಟ್ಯಾಂಕು, ಸ್ಟೆಪ್ನಿ, ಟಾರ್ಪಾಲು ಕಾಯುವವನು ಅವನೇ. ಈಗ ಕ್ಲೀನರ್ ಇಲ್ಲದೆ ಒಬ್ಬನೇ ಓಡುವ ಲಾರಿಗಳು ಬಹಳ. ಅಂಥವನಿಗೆ ಕತ್ತಲ ಜಾಗದಲ್ಲಿ ಲಾರಿ ನಿಲ್ಲಿಸಿ ಕಣ್ಣು ಮುಚ್ಚುವುದೆಂದರೆ ಭಯ. ಹಸಿದವನಿಗೆ ರುಚಿ ಬೇಡ, ನಿದ್ದೆ ಬಂದವನಿಗೆ ಹಾಸಿಗೆ ಬೇಡ ಎನ್ನುತ್ತೇವೆ. ಹಾಸಿಗೆ ಬೇಡ ಸರಿ, ಆದರೆ ಎದ್ದಾಗ ಟ್ಯಾಂಕಿನಲ್ಲಿ ಡೀಸೆಲ್ ಇರಬೇಕಲ್ಲ?

ಢಾಬಾ ಎಂಬ ಛತ್ರ

ಸರಕಾರ ಕಟ್ಟದ ವಿಶ್ರಾಂತಿ ಕೋಣೆಯನ್ನು ಕಟ್ಟಿದ್ದು ಢಾಬಾ. ದೇಶ ವಿಭಜನೆಯ ನಂತರ ಸಾರಿಗೆಗೆ ಇಳಿದ ಪಂಜಾಬಿಗಳ ಜೊತೆಗೆ ಹೆದ್ದಾರಿಗಳುದ್ದಕ್ಕೂ ಹಬ್ಬಿದ ಈ ಢಾಬಾಗಳ ಅರ್ಥಶಾಸ್ತ್ರ ಸರಳ. ಊಟ ಮಾಡಿದರೆ ಲಾರಿ ನಿಲ್ಲಿಸಲು ಅಂಗಳ, ಮಲಗಲು ಹಗ್ಗದ ಮಂಚ, ಸ್ನಾನಕ್ಕೆ ತೊಟ್ಟಿಯ ನೀರು. ಪಾರ್ಕಿಂಗ್ ಬಾಡಿಗೆ ಊಟದ ಬಿಲ್ಲಿನಲ್ಲೇ ಸೇರಿತು. ಹತ್ತು ಲಾರಿಗಳು ಒಟ್ಟಿಗೆ ನಿಂತರೆ ಕಳ್ಳನಿಗೂ ಹೆದರಿಕೆ. ನಮ್ಮ ಕಡೆ ಅದೇ ಕೆಲಸವನ್ನು ಖಾನಾವಳಿಗಳೂ ಪೆಟ್ರೋಲ್ ಬಂಕುಗಳೂ ಮಾಡಿದವು. ನೋಡಿ, ಹಳೆಯ ಛತ್ರವೇ ರೊಟ್ಟಿ ದಾಲ್ ಹಿಡಿದು ಮತ್ತೆ ಬಂದ ಹಾಗಲ್ಲವೇ!

ನಗರದ ಬಾಗಿಲಿಗೆ ಬಂದ ಮೇಲೆ ಢಾಬಾವೂ ಇಲ್ಲ. ನಾವಿರುವ ಮಹಾನಗರಗಳಲ್ಲಿ ಹಗಲು ಭಾರಿ ಲಾರಿಗಳಿಗೆ ಪ್ರವೇಶದ ನಿರ್ಬಂಧಗಳಿವೆ. ಕಾರಣವೂ ಸರಿಯೇ, ಶಾಲೆಗೆ ಹೋಗುವ ಮಕ್ಕಳು, ಆಫೀಸಿನ ದಟ್ಟಣೆ, ಹೊಗೆ. ಆದರೆ ನಿರ್ಬಂಧದ ಅರ್ಥ ಏನು? ಹಗಲೆಲ್ಲ ಊರ ಹೊರಗೆ ಬಿಸಿಲಲ್ಲಿ ಕಾಯಬೇಕು, ಎಲ್ಲರೂ ಮಲಗುವ ಹೊತ್ತಿಗೆ ಒಳಗೆ ಬಂದು ಇಳಿಸಿ ಬೆಳಗಾಗುವುದರೊಳಗೆ ಹೊರಗೆ ಹೋಗಬೇಕು. ಇದಕ್ಕೆಂದೇ ಟ್ರಕ್ ಟರ್ಮಿನಲ್‌ಗಳು ಬಂದವು. ಮುಂಬಯಿಯ ವಡಾಲಾ ಮತ್ತು ಕಲಂಬೋಲಿ, ಪುಣೆಯ ನಿಗಡಿ, ದೆಹಲಿಯ ಸಂಜಯ್ ಗಾಂಧಿ ಟ್ರಾನ್ಸ್‌ಪೋರ್ಟ್ ನಗರ, ಚೆನ್ನೈನ ಮಾಧವರಂ, ನಮ್ಮ ಬೆಂಗಳೂರಿನ ಯಶವಂತಪುರ. ಊರ ಹೊರಗೆ ಕಟ್ಟಿದ ಇವುಗಳನ್ನು ಊರೇ ಬೆಳೆದು ಸುತ್ತುವರಿಯಿತು. ಜಾಗ ಸಾಲದೆ ಲಾರಿಗಳು ಸರ್ವಿಸ್ ರಸ್ತೆಗೆ, ಅಲ್ಲಿಂದ ಹೆದ್ದಾರಿಯ ಅಂಚಿಗೆ ಬಂದವು.

ಇಲ್ಲಿಗೆ ಇದು ನಮ್ಮ ನಿಮ್ಮ ಸಮಾಚಾರವೂ ಆಗುತ್ತದೆ. ಗಣೇಶನ ಹಬ್ಬಕ್ಕೋ ದೀಪಾವಳಿಗೋ ರಾತ್ರಿ ಬಸ್ಸು ಹತ್ತಿ ಊರಿಗೆ ಹೊರಡುವವರು ನಾವು. ನಿಂತ ಲಾರಿಗೆ ಹಿಂದಿನಿಂದ ಬಸ್ಸು ಡಿಕ್ಕಿ ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಎಷ್ಟು ಸಲ ಓದಿಲ್ಲ! ರಸ್ತೆಯಲ್ಲಿ ಅಪಾಯವಾಗುವಂತೆ ವಾಹನ ನಿಲ್ಲಿಸುವುದು 1988ರ ಕಾಯ್ದೆಯ 122ನೇ ಕಲಮಿನ ಪ್ರಕಾರ ತಪ್ಪು. ದಂಡ ಹಾಕಬೇಕಾದ್ದೇ. ಆದರೆ ಕಣ್ಣು ಎಳೆಯುತ್ತಿರುವವನ ಮುಂದೆ ಎರಡೇ ದಾರಿ ಇದ್ದರೆ, ಒಂದು ತಪ್ಪು ಜಾಗದಲ್ಲಿ ನಿಲ್ಲಿಸುವುದು, ಇನ್ನೊಂದು ತೂಕಡಿಸುತ್ತ ಓಡಿಸುವುದು, ಅವನು ಯಾವುದನ್ನು ಆರಿಸಿದರೂ ಅಪಾಯ ನಮಗೂ ಇದೆ.

ನಾಕಾ ಹೋಯಿತು, ಗಡಿಯಾರ ಬಂತು

ವಿಚಿತ್ರವೆಂದರೆ, ಬಹಳ ಕಾಲ ಚಾಲಕನಿಗೆ ಕಡ್ಡಾಯ ವಿಶ್ರಾಂತಿ ಕೊಟ್ಟದ್ದು ತೆರಿಗೆ ನಾಕಾಗಳು. ಕರ್ನಾಟಕದಲ್ಲಿ ಆಕ್ಟ್ರಾಯ್ 1979ರಲ್ಲೇ ರದ್ದಾಯಿತು. ಮುಂಬಯಿಯಲ್ಲಿ ಮುಲುಂಡ್, ದಹಿಸರ್ ನಾಕಾಗಳ ಸಾಲು 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೂ ಇತ್ತು. ಆ ಸಾಲಿನಲ್ಲಿ ಗಂಟೆಗಟ್ಟಲೆ ನಿಂತಾಗ ಸೀಟಿನಲ್ಲೇ ಒಂದು ನಿದ್ದೆ ಆಗುತ್ತಿತ್ತು. ಅದು ನೆಮ್ಮದಿಯ ನಿದ್ದೆಯಲ್ಲ. ಮುಂದಿನ ಲಾರಿ ಒಂದು ಮಾರು ಸರಿದರೆ ಎದ್ದು ಸರಿಸಬೇಕು.

ನಾಕಾ ಹೋದದ್ದು ಒಳ್ಳೆಯದೇ ಆಯಿತು. ಆದರೆ ಅದರ ಜಾಗಕ್ಕೆ ಗಡಿಯಾರ ಬಂತು. 2018ರ ಏಪ್ರಿಲ್ 1ರಿಂದ ಇ-ವೇ ಬಿಲ್ ಜಾರಿಯಾಯಿತು. ರಾಜ್ಯದೊಳಗಿನ ಸಾಗಾಟಕ್ಕೂ ಅಂದೇ ಅದನ್ನು ತಂದ ಮೊದಲ ರಾಜ್ಯ ಕರ್ನಾಟಕ. ಮೊದಲು 100 ಕಿ.ಮೀ.ಗೆ ಒಂದು ದಿನದ ಅವಧಿ ಕೊಡುತ್ತಿದ್ದರು. 2021ರ ಜನವರಿಯಿಂದ 200 ಕಿ.ಮೀ.ಗೆ ಒಂದು ದಿನ ಎಂದಾಯಿತು. ನಮ್ಮ 980 ಕಿ.ಮೀ.ಗೆ ಮೊದಲು ಹತ್ತು ದಿನ ಸಿಗುತ್ತಿತ್ತು, ಈಗ ಐದು ದಿನ. ಕಾನೂನಿನ ಎಂಟು ಗಂಟೆಯ ಲೆಕ್ಕಕ್ಕೆ ಮೂರು ದಿನ ಸಾಕು ಎಂದು ಮೇಲೆ ನೋಡಿದೆವು. ಎಂದರೆ ಸರಕಾರದ ಕಾಗದ ಚಾಲಕನನ್ನು ಓಡಿಸುತ್ತಿಲ್ಲ. ಅವಸರ ಇರುವುದು ಬಾಡಿಗೆಯಲ್ಲಿ, ಸಾಲದ ಕಂತಿನಲ್ಲಿ, ಬೇಗ ಬೇಕೆನ್ನುವ ನಮ್ಮಂಥ ಗಿರಾಕಿಗಳಲ್ಲಿ.

ಈಗ ಜಿಪಿಎಸ್ ಬಂದಿದೆ. ಲಾರಿ ಅರ್ಧ ಗಂಟೆ ನಿಂತರೆ "ಯಾಕೆ ನಿಂತೆ?" ಎಂದು ಫೋನು ಬರುತ್ತದೆ. ಐದು ಗಂಟೆ ಬಿಡದೆ ಓಡಿದರೆ "ಯಾಕೆ ನಿಲ್ಲಲಿಲ್ಲ?" ಎಂದು ಅದೇ ಯಂತ್ರ ನೋಡಿ ಕೇಳಬಹುದಲ್ಲ? ಯುರೋಪಿನಲ್ಲಿ ಟ್ಯಾಕೋಗ್ರಾಫ್ ಎಂಬ ಯಂತ್ರ ಇದನ್ನೇ ಮಾಡುತ್ತದೆ. ಅಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷ ನಿಲ್ಲಲೇಬೇಕು, ಸಾಮಾನ್ಯವಾಗಿ ದಿನಕ್ಕೆ ಒಂಬತ್ತು ಗಂಟೆ ಮೀರುವಂತಿಲ್ಲ. ಅಮೆರಿಕದಲ್ಲಿ 11 ಗಂಟೆ ಮಿತಿ. 2017ರ ಡಿಸೆಂಬರಿನಿಂದ ಅದನ್ನು ಯಂತ್ರವೇ ಬರೆದಿಡುತ್ತದೆ. ಅಲ್ಲೂ ಚಾಲಕರ ದೊಡ್ಡ ಗೋಳು ಯಾವುದು ಗೊತ್ತೇ? ಗಂಟೆ ಮುಗಿದಾಗ ನಿಲ್ಲಿಸಲು ಜಾಗವಿಲ್ಲ ಎಂಬುದು. 1961ರಲ್ಲಿ ನಮ್ಮವರು ಎರಡನ್ನೂ ಒಟ್ಟಿಗೆ ಬರೆದದ್ದು ಎಷ್ಟು ಸರಿಯಾಗಿತ್ತು!

ಈಚಿನ ಹೆಜ್ಜೆಗಳು

2021ರಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ವಿಮಾನದ ಪೈಲಟ್‌ಗಳಂತೆ ಲಾರಿ ಚಾಲಕರಿಗೂ ಗಂಟೆಗಳ ಮಿತಿ ಬೇಕು, ತೂಕಡಿಕೆ ಪತ್ತೆ ಹಚ್ಚುವ ಸಾಧನ ಬೇಕು ಎಂದರು. ಮಿತಿ ಕಾನೂನಿನಲ್ಲಿ ಆಗಲೇ 82 ವರ್ಷಗಳಿಂದ ಇತ್ತು. ಮಂತ್ರಿಗಳೇ ಮತ್ತೆ ಕೇಳಬೇಕಾಯಿತು ಎಂಬುದರಲ್ಲೇ ಅದರ ಸ್ಥಿತಿ ತಿಳಿಯುತ್ತದೆ. 2024ರ ಫೆಬ್ರವರಿಯಲ್ಲಿ ಹೆದ್ದಾರಿಗಳ ಪಕ್ಕ ಚಾಲಕರಿಗಾಗಿ ಮೊದಲ ಹಂತದಲ್ಲಿ 1,000 ವಿಶ್ರಾಂತಿ ಕೇಂದ್ರಗಳನ್ನು ಕಟ್ಟುವುದಾಗಿ ಪ್ರಧಾನಿ ಪ್ರಕಟಿಸಿದರು. ತೈಲ ಕಂಪನಿಗಳು "ಅಪ್ನಾ ಘರ್" ಹೆಸರಿನಲ್ಲಿ ಬಂಕುಗಳ ಬಳಿ ಮಲಗುವ ಕೋಣೆ, ಸ್ನಾನದ ಮನೆ, ಅಡುಗೆ ಮಾಡಿಕೊಳ್ಳುವ ಜಾಗ ಒದಗಿಸತೊಡಗಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಯಿತು.

2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 1961ರ ಕಾಯ್ದೆಯ ಕಾಲ ಮುಗಿಯಿತು. ಎಂಟು ಗಂಟೆಯ ದಿನ ಹೊಸ ಸಂಹಿತೆಯಲ್ಲೂ ಇದೆ. ಆದರೆ ಸಾರಿಗೆ ಸಂಸ್ಥೆಯಲ್ಲಿ ಹತ್ತು ಅಥವಾ ಹೆಚ್ಚು ಕಾರ್ಮಿಕರಿರಬೇಕು. ಹಿಂದೆ ಐದು ಸಾಕಾಗಿತ್ತು. ಸಣ್ಣ ಮಾಲೀಕನ ಲಾರಿಯಲ್ಲಿ ಕೂತವನಿಗೆ ಕಾನೂನಿನ ನೆರಳು ಇನ್ನೂ ಒಂದು ಮಾರು ದೂರ ಸರಿಯಿತು ಎಂದೇ ಹೇಳಬೇಕು. ಅವನ ಪಾಲಿಗೆ ಉಳಿಯುವುದು ಹೆದ್ದಾರಿ ಬದಿಯ ಸಾರ್ವಜನಿಕ ಜಾಗ. ಅದಕ್ಕೇ ಮೇಲಿನ ವಿಶ್ರಾಂತಿ ಕೇಂದ್ರಗಳು ಘೋಷಣೆಯಲ್ಲಿ ನಿಲ್ಲದೆ, ಹಾವೇರಿಯ ಹತ್ತಿರ, ಕೊಲ್ಹಾಪುರದ ಆಚೆ, ಎಂಟು ಗಂಟೆ ಮುಗಿಯುವ ಜಾಗಗಳಲ್ಲೇ ಏಳಬೇಕು. ಅಲ್ಲಿ ಬೆಳಕಿರಬೇಕು, ಕಾವಲಿರಬೇಕು, ಬಾಡಿಗೆ ಢಾಬಾದ ಊಟಕ್ಕಿಂತ ಹೆಚ್ಚಿರಬಾರದು.

ಕೇಳುಗರೇ, ನಮ್ಮಲ್ಲಿ ಕಾರ್ಖಾನೆ, ಗೋದಾಮು, ಅಂಗಡಿ ನೋಡಿಕೊಳ್ಳುವವರು ಎಷ್ಟೋ ಮಂದಿ ಇದ್ದೀರಿ. ಬಂದ ಲಾರಿಯನ್ನು ಬೇಗ ಇಳಿಸಿಕೊಳ್ಳುವುದು, ಕಾಯುವವನಿಗೆ ಗೇಟಿನೊಳಗೆ ನೆರಳು ಮತ್ತು ಶೌಚಾಲಯ ಕೊಡುವುದು, ರಾತ್ರಿ ಲೋಡಾದರೆ "ಬೆಳಿಗ್ಗೆ ಹೊರಡಪ್ಪ" ಎಂದು ಒಂದು ಮಾತು ಹೇಳುವುದು, ಇವಕ್ಕೆ ಕಾಯ್ದೆ ಬೇಕಿಲ್ಲ. ಹಾಗೆಯೇ ನಿಮ್ಮಲ್ಲಿ ಯಾರಾದರೂ ಸಾರಿಗೆ ವೃತ್ತಿಯಲ್ಲಿದ್ದರೆ, ಅಥವಾ ನಿಮ್ಮ ತಂದೆಯವರೋ ಮಾವನವರೋ ಹಳೆಯ ಎನ್‌ಎಚ್ 4ರಲ್ಲಿ ಲಾರಿ ಓಡಿಸಿದವರಾಗಿದ್ದರೆ, ಅವರು ರಾತ್ರಿ ಎಲ್ಲಿ ನಿಲ್ಲಿಸುತ್ತಿದ್ದರು ಎಂದು ಕೇಳಿ ನಮಗೊಂದು ಪತ್ರ ಬರೆಯಿರಿ. ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಓದಿ ಹೇಳುತ್ತೇವೆ. ಆ ಹೊತ್ತಿಗೆ ಯಾವುದೋ ಬಂಕಿನ ಅಂಗಳದಲ್ಲಿ ಲಾರಿ ನಿಲ್ಲಿಸಿ ರೇಡಿಯೊ ಹಾಕಿಕೊಂಡ ಒಬ್ಬ ಡ್ರೈವರಣ್ಣನೂ ಕೇಳುತ್ತಿರಬಹುದು.